ಬೊಲೆಕ್ಸ್ ಎಚ್16 ರಿಫ್ಲೆಕ್ಸ್: ಫಿಲ್ಮು ಹತ್ತುತ್ತಿಲ್ಲ ಎಂದು ಬೈಯುವ ಮುನ್ನ

16 ಎಂಎಂ ಫಿಲ್ಮಿನ ಸಿನಿಮಾ ಕ್ಯಾಮೆರಾ ಬೊಲೆಕ್ಸ್ ಎಚ್16 ಬಗ್ಗೆ ಎರಡು ಮಾತು ಒಟ್ಟೊಟ್ಟಿಗೇ ಕೇಳಿಬರುತ್ತವೆ. ಫಿಲ್ಮಿನ ತುದಿ ತೋರಿಸಿದರೆ ಸಾಕು, ತಾನೇ ಎಳೆದುಕೊಂಡು ಹೋಗುತ್ತದೆ ಎನ್ನುವುದು ಒಂದು. ಒಳಗೆ ಹೋದ ಫಿಲ್ಮು ಹಪ್ಪಳದ ಹಾಗೆ ಮಡಚಿಕೊಂಡು ಹೊರಬರುತ್ತದೆ ಎನ್ನುವುದು ಇನ್ನೊಂದು. ಎರಡೂ ನಿಜವೇ. ಒಂದೇ ಕ್ಯಾಮೆರಾ ಬೆಳಿಗ್ಗೆ ಹಾಗೆ, ಸಂಜೆ ಹೀಗೆ ಮಾಡುವುದುಂಟು. ಯಂತ್ರ ಮುನಿಸಿಕೊಂಡಿದ್ದಲ್ಲ, ಬೆಳಿಗ್ಗೆ ತುದಿಯನ್ನು ಸರಿಯಾಗಿ ಕತ್ತರಿಸಿದ್ದರು, ಸಂಜೆ ಕತ್ತರಿಸಿರಲಿಲ್ಲ, ಅಷ್ಟೆ.

ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಸ್ಪ್ರಿಂಗಿನಿಂದ ಓಡುವ ರಿಫ್ಲೆಕ್ಸ್ (ಚಿತ್ರ ತೆಗೆಯುವ ಲೆನ್ಸಿನ ಮೂಲಕವೇ ನೋಡಬಹುದಾದ) ಮಾದರಿಗಳನ್ನು, ಅಂದರೆ 1956ರಿಂದ ಈಚೆಗೆ ಬಂದವನ್ನು. ಬೊಲೆಕ್ಸ್ ಹೆಸರು ಹುಟ್ಟಿದ್ದು ಜಾಕ್ ಬೊಗೊಪೊಲ್ಸ್ಕಿ ಎಂಬಾತನಿಂದ. 1930ರಲ್ಲಿ ಅದು ಸ್ವಿಟ್ಜರ್ಲೆಂಡಿನ ಪೈಯಾರ್ ಕಂಪನಿಯ ಕೈಸೇರಿತು. 1935ರಲ್ಲಿ ಎಚ್16 ಬಂತು. ಆ ಮೊದಮೊದಲ ಎಚ್16ಗಳೂ ನೋಡಲು ಹೆಚ್ಚುಕಡಿಮೆ ಹೀಗೇ ಇರುತ್ತವೆ, ಬೆಲೆಯೂ ಕಡಿಮೆ. ಅದೇ ಮೊದಲ ಹಳ್ಳ. ಹಳೆಯವುಗಳ ಸ್ಪ್ರಾಕೆಟ್ಟಿಗೆ, ಅಂದರೆ ಫಿಲ್ಮನ್ನು ಸಾಗಿಸುವ ಹಲ್ಲಿನ ಗಾಲಿಗೆ, ಎರಡೂ ಅಂಚಿನಲ್ಲಿ ಹಲ್ಲು. ಈಗ ಸಿಗುವ 16 ಎಂಎಂ ಫಿಲ್ಮಿಗೆ ಬಹುತೇಕ ಒಂದೇ ಅಂಚಿನಲ್ಲಿ ತೂತು. ತೂತಿಲ್ಲದ ಅಂಚನ್ನು ಆ ಹಲ್ಲುಗಳು ಉದ್ದಕ್ಕೂ ಚುಚ್ಚುತ್ತವೆ. ಕೊಳ್ಳುವ ಮುನ್ನ ಮುಚ್ಚಳ ತೆಗೆಸಿ, ಮೇಲಿನ ಮತ್ತು ಕೆಳಗಿನ ಸ್ಪ್ರಾಕೆಟ್ಟಿನ ಹಲ್ಲು ಎಷ್ಟು ಸಾಲು ಎಂದು ಎಣಿಸಿ. ಎರಡು ಸಾಲು ಕಂಡರೆ ಅದು ಕಪಾಟಿನಲ್ಲಿಡಲು ಚೆಂದ. ಚಿತ್ರ ತೆಗೆಯಬೇಕಾದರೆ ಸ್ಪ್ರಾಕೆಟ್ ಬದಲಿಸಬೇಕು.

ಎಲ್ಲ ತೊಂದರೆಗೂ ಮೂಲ ಒಂದೇ ಜಾಗದಲ್ಲಿದೆ, ಅದನ್ನು ಅರ್ಥ ಮಾಡಿಕೊಂಡರೆ ಅರ್ಧ ರಿಪೇರಿ ಆದಂತೆ. ಸ್ಪ್ರಾಕೆಟ್ ನಿಲ್ಲದೆ ಒಂದೇ ಸಮನೆ ತಿರುಗುತ್ತಿರುತ್ತದೆ. ಗೇಟಿನಲ್ಲಿರುವ (ಲೆನ್ಸಿನ ಹಿಂದೆ ಫಿಲ್ಮಿಗೆ ಬೆಳಕು ಬೀಳುವ ಕಿಂಡಿ) ಕ್ಲಾ, ಅಂದರೆ ಫಿಲ್ಮನ್ನು ಕೆಳಗೆಳೆಯುವ ಕೊಕ್ಕೆ, ಹಾಗಲ್ಲ: ಒಂದು ಫ್ರೇಮ್ ಎಳೆಯುತ್ತದೆ, ಬಿಡುತ್ತದೆ, ಫಿಲ್ಮು ನಿಂತಾಗ ಶಟರ್ ತೆರೆಯುತ್ತದೆ, ಮತ್ತೆ ಎಳೆಯುತ್ತದೆ. 24 ಫ್ರೇಮ್ ವೇಗದಲ್ಲಿ ಈ ನಿಂತು-ನಡೆ ಸೆಕೆಂಡಿಗೆ 24 ಸಲ. ಇಬ್ಬರಿಗೂ ನೇರವಾಗಿ ಗಂಟು ಹಾಕಿದರೆ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬ ಸ್ಥಿತಿ. ನಡುವೆ ಸಡಿಲ ಬೇಕು. ಗೇಟಿನ ಮೇಲೊಂದು, ಕೆಳಗೊಂದು ಬಾಗಿದ ಸುರುಳಿ, ಅದೇ ಲೂಪ್. ಬೊಲೆಕ್ಸಿನಲ್ಲಿ ಲೂಪನ್ನು ಕೈಯಲ್ಲಿ ಮಾಡಬೇಕಿಲ್ಲ. ಲೂಪ್ ಫಾರ್ಮರ್ ಎಂಬ ಎರಡು ಬಾಗಿದ ಲೋಹದ ತಡೆಗಳು ಮುಚ್ಚಿಕೊಂಡಾಗ ಒಳಬಂದ ಫಿಲ್ಮು ಅವುಗಳ ಒಳಮೈಗೆ ಜಾರಿ ತಾನೇ ಸರಿಯಾದ ಅಳತೆಗೆ ಬಾಗುತ್ತದೆ. ಹೊರಬಂದ ಮೇಲೆ ತಡೆಗಳನ್ನು ಬಿಚ್ಚಿದರೆ ಲೂಪು ಗಾಳಿಯಲ್ಲಿ ನಿಲ್ಲುತ್ತದೆ. ಈ ಏರ್ಪಾಡು ಇಷ್ಟು ವರ್ಷದ ಮೇಲೂ ಮೆಚ್ಚುವಂಥದ್ದು.

ಲೋಡ್ ಮಾಡುವ ಕ್ರಮ ಹೀಗೆ. ಮೊದಲು ಸ್ಪ್ರಿಂಗಿಗೆ ಪೂರ್ತಿ ಕೀ ಕೊಡಿ. ಒಂದು ಪೂರ್ತಿ ಕೀಗೆ ಸುಮಾರು 16.5 ಅಡಿ ಫಿಲ್ಮು ಓಡುತ್ತದೆ, 24 ಫ್ರೇಮ್ ವೇಗದಲ್ಲಿ 27-28 ಸೆಕೆಂಡು. ಅರೆಬರೆ ಕೀಯಲ್ಲಿ ಶುರುಮಾಡಿ, ತುದಿ ಗೇಟಿನ ನಡುವೆ ಇರುವಾಗ ಸ್ಪ್ರಿಂಗ್ ನಿಂತರೆ ಅನವಶ್ಯಕ ತಲೆನೋವು. ವೇಗವನ್ನು 24ಕ್ಕೋ ಅದಕ್ಕಿಂತ ಕೆಳಕ್ಕೋ ಇಡಿ. ಫಿಲ್ಮಿಲ್ಲದೆ 32 ಫ್ರೇಮಿಗಿಂತ ಹೆಚ್ಚು ವೇಗದಲ್ಲಿ ಈ ಕ್ಯಾಮೆರಾ ಓಡಿಸಬಾರದು. 64ಕ್ಕೆ ತಿರುಗಿಸಿ ಗುಂಡಿ ಒತ್ತಿ "ಆಹಾ, ಓಡ್ತಿದೆ ನೋಡಿ" ಎಂದು ತೋರಿಸುವ ಮಾರಾಟಗಾರರಿಂದ ದೂರವಿರುವುದು ಒಳ್ಳೆಯದು.

ಕ್ಯಾಮೆರಾದೊಳಗೇ, ಕೆಳಭಾಗದಲ್ಲಿ, ಒಂದು ಪುಟ್ಟ ಕತ್ತಿ ಇದೆ. ತುಂಬಿದ ಸ್ಪೂಲಿನಿಂದ ಒಂದು ಗೇಣು ಫಿಲ್ಮು ಬಿಚ್ಚಿ, ಅದರಲ್ಲಿ ಕೂರಿಸಿ, ಒತ್ತಿ ಕತ್ತರಿಸಿ. ಕತ್ತರಿಸಿದ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಅಂಚಿನಲ್ಲಿ ಎಳೆ ಬಿಟ್ಟಿರಬಾರದು, ಮೂಲೆ ಮಡಚಿರಬಾರದು, ಹರಿದ ಅರ್ಧ ತೂತು ಜೋತಾಡುತ್ತಿರಬಾರದು. ಕತ್ತಿ ಮೊಂಡಾಗಿದ್ದರೆ ಚೂಪಾದ ಕತ್ತರಿಯೇ ವಾಸಿ. ಆಮೇಲೆ ಆ ತುದಿಯ ಒಂದೆರಡು ಅಂಗುಲವನ್ನು ಸುರುಳಿಗೆ ಎದುರಾಗಿ ಬೆರಳಲ್ಲಿ ಮೆಲ್ಲಗೆ ನೀವಿ ನೇರ ಮಾಡಿ. ಮಡಿಕೆ ಬೀಳದಂತೆ ನೀವಬೇಕು, ಸೀರೆಯ ನೆರಿಗೆಯನ್ನು ನೀವಿದಂತೆ. ಲೋಡಿಂಗ್ ಕೈಕೊಡುವ ಹತ್ತು ಸಲದಲ್ಲಿ ಆರೇಳು ಸಲ ತಪ್ಪು ಈ ಎರಡು ಅಂಗುಲದಲ್ಲೇ ಇರುತ್ತದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಸ್ಪೂಲನ್ನು ಮೇಲಿನ ದಂಡಕ್ಕೆ ಹಾಕಿ. ತೂತಿರುವ ಅಂಚು ಸ್ಪ್ರಾಕೆಟ್ಟಿನ ಹಲ್ಲಿರುವ ಬದಿಗೇ ಬರಬೇಕು, ಮಾತೇ ಇಲ್ಲ. ಲೂಪ್ ಫಾರ್ಮರುಗಳನ್ನು ಮುಚ್ಚಿ. ಪೂರ್ತಿ ಕೂತಾಗ ಬೆರಳಿಗೆ ತಿಳಿಯುತ್ತದೆ. ಪಕ್ಕದ ಗುಂಡಿಯನ್ನು 'ಎಂ' ಅಕ್ಷರದ ಕಡೆಗೆ ತಳ್ಳಿದರೆ ಕೈ ಬಿಟ್ಟರೂ ಸ್ಪ್ರಿಂಗ್ ಮೋಟಾರು ಓಡುತ್ತಿರುತ್ತದೆ, ಎರಡೂ ಕೈ ಬಿಡುವಾಗುತ್ತವೆ. ತುದಿಯನ್ನು ಮೇಲಿನ ಸ್ಪ್ರಾಕೆಟ್ಟಿನ ಬಾಯಿಗೆ ಮೆಲ್ಲಗೆ ಕೊಡಿ. ಹಲ್ಲು ಹಿಡಿದ ತಕ್ಷಣ ಬೆರಳು ತೆಗೆಯಿರಿ. ಒಳತಳ್ಳುವುದು ನಮ್ಮ ಕೆಲಸವಲ್ಲ. ಮೇಲಿನ ಲೂಪು, ಗೇಟು, ಕೆಳಗಿನ ಲೂಪು, ಕೆಳಗಿನ ಸ್ಪ್ರಾಕೆಟ್ಟು ದಾಟಿ ತುದಿ ಹೊರಗೆ ಕಾಣುತ್ತದೆ. ಒಂದಡಿಯಷ್ಟು ಹೊರಬರಲಿ, ಮೋಟಾರು ನಿಲ್ಲಿಸಿ.

ಈಗ ಲೂಪ್ ಫಾರ್ಮರ್ ಬಿಚ್ಚುವ ಗುಂಡಿ ಒತ್ತಿ. ಬಹುತೇಕ ರಿಫ್ಲೆಕ್ಸ್ ಮಾದರಿಗಳಲ್ಲಿ ಮರೆತರೂ ಮುಚ್ಚಳ ಕೂರಿಸುವಾಗ ತಾನೇ ಬಿಚ್ಚಿಕೊಳ್ಳುತ್ತದೆ. ಆದರೂ ಅದನ್ನು ನಂಬಿ ಕೂರಬೇಡಿ. ಮುಚ್ಚಳ ಹಾಕಿದ ಮೇಲೆ ಒಳಗೇನಾಯಿತೆಂದು ನೋಡುವ ದಾರಿಯಿಲ್ಲ. ಫಾರ್ಮರ್ ಬಿಚ್ಚದೆ ಉಳಿದರೆ ಫಿಲ್ಮು ಇಡೀ ರೀಲು ಲೋಹಕ್ಕೆ ಉಜ್ಜುತ್ತಾ ಹೋಗುತ್ತದೆ. ತುದಿಯನ್ನು ಖಾಲಿ ಸ್ಪೂಲಿನ ಸೀಳಿಗೆ ಸಿಕ್ಕಿಸಿ, ಕೈಯಲ್ಲೇ ಎರಡು ಮೂರು ಸುತ್ತು ಬಿಗಿಯಾಗಿ ಸುತ್ತಿ, ಕೆಳಗಿನ ದಂಡಕ್ಕೆ ಹಾಕಿ, ಸಡಿಲ ಉಳಿಯದಂತೆ ಸ್ಪೂಲು ತಿರುಗಿಸಿ. ಮುಚ್ಚಳ ಹಾಕುವ ಮುನ್ನ ಇನ್ನೂ ಎರಡು ಮೂರು ಸೆಕೆಂಡು ಓಡಿಸಿ ನೋಡಬೇಕು. ಲೂಪು ಎರಡೂ ನಡುಗುತ್ತಾ ಇದ್ದ ಜಾಗದಲ್ಲೇ ಇರಬೇಕು. ದೊಡ್ಡದಾಗಬಾರದು, ಕಿರಿದಾಗಬಾರದು, ಗೋಡೆಗೆ ತಗುಲಬಾರದು. ಸರಿಯಿದ್ದರೆ ಮುಚ್ಚಳ ಭದ್ರ ಮಾಡಿ, ಲೆಕ್ಕದ ಮುಳ್ಳು ಸೊನ್ನೆಗೆ ಬರುವವರೆಗೆ ಓಡಿಸಿ. ಬೆಳಕು ಕಂಡ ಭಾಗ ದಾಟಿಹೋಗುತ್ತದೆ.

ಇಷ್ಟೆಲ್ಲ ನೆರಳಿನಲ್ಲಿ. ಈ ಸ್ಪೂಲಿಗಿರುವ ಡೇಲೈಟ್ (ಹಗಲು ಬೆಳಕಿನ) ಸ್ಪೂಲ್ ಎಂಬ ಹೆಸರು ಕೇಳಿ ಮಟಮಟ ಮಧ್ಯಾಹ್ನ ಬಯಲಲ್ಲಿ ತೆರೆದರೆ ತಗಡಿನ ಅಂಚು ಮತ್ತು ಫಿಲ್ಮಿನ ನಡುವಿನ ಸಂದಿಯಿಂದ ಬೆಳಕು ಸುತ್ತುಗಳೊಳಗೆ ನುಗ್ಗಿ, ಅಂಚಿನಲ್ಲಿ ಬಿಳಿ ನಾಲಿಗೆಗಳನ್ನು ಚಾಚುತ್ತದೆ. ಮರದಡಿ, ಮನೆಯ ಒಳಮೂಲೆ, ಏನೂ ಇಲ್ಲದಿದ್ದರೆ ನಿಮ್ಮದೇ ನೆರಳು.

ಇನ್ನು ಕೈಕೊಡುವ ಬಗೆಗಳು.

ತುದಿಯನ್ನು ಸ್ಪ್ರಾಕೆಟ್ ಹಿಡಿಯುತ್ತಲೇ ಇಲ್ಲ, ಟಿಕಿಟಿಕಿ ಎಂದು ಹಲ್ಲು ಜಾರುವ ಸದ್ದು ಮಾತ್ರ ಬರುತ್ತಿದೆ ಎಂದರೆ, ತುದಿ ಸುರುಳಿ ಸುತ್ತಿಕೊಂಡಿದೆ, ಇಲ್ಲವೇ ತೂತಿನ ಅಂಚು ಆಚೆಗಿದೆ. ಎರಡನೆಯದಾದರೆ ಫಿಲ್ಮನ್ನು ಮೊದಲೇ ಯಾರೋ ಬೇರೆ ಸ್ಪೂಲಿಗೆ ಸುತ್ತಿದ್ದಾರೆ, ಸುತ್ತುವಾಗ ಬದಿ ಅದಲುಬದಲಾಗಿದೆ. ಕತ್ತಲಲ್ಲಿ ಮತ್ತೆ ಸುತ್ತುವುದೊಂದೇ ಮದ್ದು.

ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಇದು ಅತಿ ಸಾಮಾನ್ಯ. ತುದಿ ಗೇಟಿನ ಬಾಯಲ್ಲೋ, ಕೆಳಗಿನ ಸ್ಪ್ರಾಕೆಟ್ಟಿನ ಬಾಯಲ್ಲೋ ತಡೆದು ನಿಂತಿದೆ. ಮೇಲಿನ ಸ್ಪ್ರಾಕೆಟ್ ಮಾತ್ರ ತಳ್ಳುತ್ತಲೇ ಇದೆ, ಫಿಲ್ಮು ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾಗುತ್ತಿದೆ. ಮೂರು ಸೆಕೆಂಡಿನಲ್ಲಿ ತುದಿ ಕಾಣದಿದ್ದರೆ ಮೋಟಾರು ನಿಲ್ಲಿಸಿ. ಸಿಟ್ಟಿನಿಂದ ಮೇಲಕ್ಕೆಳೆಯಬೇಡಿ, ಕ್ಲಾ ತೂತಿನೊಳಗೆ ಸಿಕ್ಕಿಕೊಂಡಿದ್ದರೆ ಮೊದಲು ತೂತು ಹರಿಯುತ್ತದೆ, ನಸೀಬು ಕೆಟ್ಟರೆ ಕ್ಲಾ ಬಾಗುತ್ತದೆ. ಲೂಪ್ ಫಾರ್ಮರ್ ಬಿಚ್ಚಿ, ಮೇಲಿನ ಸ್ಪ್ರಾಕೆಟ್ಟಿಗೂ ಸ್ಪೂಲಿಗೂ ನಡುವೆ ಫಿಲ್ಮು ಕತ್ತರಿಸಿ, ಒಳಗಿನ ತುಂಡನ್ನು ಓಡುವ ದಿಕ್ಕಿಗೇ ಮೆಲ್ಲಗೆ ಬಿಡಿಸಿ ತೆಗೆಯಿರಿ. ಮಡಿಕೆ ಬಿದ್ದ ಭಾಗವನ್ನು ಬಿಸಾಡಿ, ತುದಿ ಹೊಸದಾಗಿ ಕತ್ತರಿಸಿ ಮತ್ತೆ ಶುರು ಮಾಡಿ. ಎರಡಡಿ ಫಿಲ್ಮು ಹೋಯಿತಲ್ಲ ಎಂದು ಮರುಗಬೇಡಿ: 16 ಎಂಎಂನಲ್ಲಿ ಅಡಿಗೆ 40 ಫ್ರೇಮು, 24ರ ವೇಗದಲ್ಲಿ ಎರಡಡಿ ಎಂದರೆ ಮೂರು ಸೆಕೆಂಡು ಚಿಲ್ಲರೆ ಸಿನಿಮಾ.

ಚಿಕ್ಕ ಚೂರೊಂದು ಒಳಗೇ ಉಳಿದರೆ ಮುಂದಿನ ರೀಲೂ ಅಲ್ಲೇ ತಡೆಯುತ್ತದೆ. ತೆಗೆದ ತುಂಡುಗಳನ್ನು ಮೇಜಿನ ಮೇಲೆ ಜೋಡಿಸಿ, ಮೂಲೆ ಕಾಣೆಯಾಗಿದೆಯೇ ನೋಡಿ. ಕಾಣೆಯಾದ ಮೂಲೆ ಕ್ಯಾಮೆರಾದೊಳಗಿದೆ.

ಲೋಡಾಯಿತು, ಅರ್ಧ ರೀಲು ಓಡಿತು, ಆಮೇಲೆ ಲೂಪು ತಪ್ಪಿತು. ಇದು ಕಿವಿಗೆ ಮೊದಲು ಗೊತ್ತಾಗುತ್ತದೆ. ಸರಿಯಾಗಿ ಓಡುವಾಗ ಬೊಲೆಕ್ಸಿನದು ಹೊಲಿಗೆ ಯಂತ್ರದಂಥ ಒಂದೇ ಹದದ ಸದ್ದು, ನಡುನಡುವೆ ಫಿಲ್ಮಿನ ಲೆಕ್ಕ ಹೇಳುವ ಟಿಕ್. ಲೂಪು ತಪ್ಪಿದಾಗ ಅದು ಒರಟಾಗುತ್ತದೆ, ಕಟಕಟ ಎಂದು ಹಲ್ಲು ಕಡಿಯುವ ಹಾಗೆ. ಆ ಕ್ಷಣ ಬೆರಳು ತೆಗೆಯಿರಿ. ಓಡಿಸುತ್ತಾ ಹೋದರೆ ಶಟರ್ ತೆರೆದಿರುವಾಗಲೂ ಫಿಲ್ಮು ಜಾರುತ್ತಿರುತ್ತದೆ, ಡೆವಲಪ್ ಆದ ಮೇಲೆ ದೀಪಗಳೆಲ್ಲ ಮೇಲಿಂದ ಕೆಳಕ್ಕೆ ಗೀಟಾಗಿ ಹರಿದಿರುತ್ತವೆ. ಸದ್ದು ಕೇಳಿದರೆ ಕ್ಯಾಮೆರಾವನ್ನು ಚೇಂಜಿಂಗ್ ಬ್ಯಾಗಿಗೆ, ಅಂದರೆ ಕೈ ತೂರಿಸಿ ಕೆಲಸ ಮಾಡುವ ಬೆಳಕು ನುಗ್ಗದ ಚೀಲಕ್ಕೆ, ಹಾಕಿ, ಮುಚ್ಚಳ ತೆಗೆದು, ಮೇಲಿನ ಸ್ಪ್ರಾಕೆಟ್ಟಿಗೂ ಸ್ಪೂಲಿಗೂ ನಡುವೆ ಕತ್ತರಿಸಿ, ಚಿತ್ರ ತೆಗೆದ ಭಾಗವನ್ನು ಕೆಳಗಿನ ಸ್ಪೂಲಿಗೆ ಸುತ್ತಿ ಡಬ್ಬಿಗೆ ಹಾಕಿ. ಉಳಿದದ್ದನ್ನು ಹೊಸ ರೀಲಿನಂತೆ ಲೋಡ್ ಮಾಡಿ. ಮಂಗಳೂರಿನ ಕಡೆ ಮೇ ತಿಂಗಳಲ್ಲಿ ಈ ಚೀಲದೊಳಗೆ ಐದು ನಿಮಿಷ ಕೈಯಿಟ್ಟರೆ ಅಂಗೈ ಒದ್ದೆಯಾಗುತ್ತದೆ, ಒದ್ದೆ ಬೆರಳಿನ ಗುರುತು ಎಮಲ್ಷನ್ನಿಗೆ (ಫಿಲ್ಮಿನ ಮೇಲೆ ಚಿತ್ರ ಮೂಡುವ ಲೇಪ) ಅಂಟಿ ಶಾಶ್ವತವಾಗಿ ಉಳಿಯುತ್ತದೆ. ಫಿಲ್ಮನ್ನು ಅಂಚಿನಲ್ಲೇ ಹಿಡಿಯಿರಿ, ಬಟ್ಟೆಯ ತೆಳು ಕೈಗವಸು ಹಾಕಿಕೊಳ್ಳಿ.

ಲೂಪು ತಪ್ಪುವುದಕ್ಕೆ ಕಾರಣಗಳು ಬೇರೆ ಬೇರೆ. ಹತ್ತಾರು ವರ್ಷ ಹಳೆಯ ಫಿಲ್ಮು ಒಣಗಿ ಕುಗ್ಗಿರುತ್ತದೆ. ತೂತಿನಿಂದ ತೂತಿಗೆ ಇರಬೇಕಾದ ಅಂತರ ಸುಮಾರು 7.6 ಮಿಲಿಮೀಟರ್, ಅದು ತುಸು ಕುಗ್ಗಿದರೂ ಕ್ಲಾ ತೂತಿಗೆ ಇಳಿಯದೆ ಅಂಚಿಗೆ ಬಡಿಯುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಅವಧಿ ಮೀರಿದ ಫಿಲ್ಮು ಹಾಕಿ ಕ್ಯಾಮೆರಾವನ್ನು ಬೈಯುವುದು ನ್ಯಾಯವಲ್ಲ. ಇನ್ನೊಂದು ಕಾರಣ ಕೆಳಗಿನ ಸ್ಪೂಲು. ತಗಡಿನ ಅಂಚು ಬಾಗಿದ್ದರೆ ಪ್ರತಿ ಸುತ್ತಿಗೂ ಗೋಡೆಗೆ ಉಜ್ಜುತ್ತದೆ, ಸುತ್ತಿಕೊಳ್ಳುವುದು ನಿಧಾನವಾಗುತ್ತದೆ, ಹೊರಬಂದ ಫಿಲ್ಮಿಗೆ ಹೋಗಲು ಜಾಗವಿಲ್ಲದೆ ಒಳಗೇ ಶಾವಿಗೆಯಂತೆ ಗುಡ್ಡೆಬೀಳುತ್ತದೆ. ಮೇಜಿನ ಮೇಲೆ ಸ್ಪೂಲು ಉರುಳಿಸಿದರೆ ವಾಲಾಡುವುದು ಕಾಣುತ್ತದೆ. ವಾಲಾಡಿದರೆ ಎಸೆಯಿರಿ, ತಟ್ಟಿ ನೆಟ್ಟಗೆ ಮಾಡುವ ಉಳಿತಾಯ ಬೇಡ. ಸ್ಪೂಲು ಸರಿಯಿದ್ದೂ ಗುಡ್ಡೆಬಿದ್ದರೆ ಸುತ್ತಿಕೊಳ್ಳುವ ದಂಡದ ಹಿಡಿತ ಸೋತಿದೆ ಅಥವಾ ಗ್ರೀಸ್ ಗಟ್ಟಿಯಾಗಿದೆ. ಅದು ಸರ್ವಿಸಿನವರ ಕೆಲಸ, ಮನೆಯ ಸ್ಕ್ರೂಡ್ರೈವರಿನದಲ್ಲ.

ಮೂರನೆಯದು ಗೇಟಿನ ಕೊಳೆ. ಎಮಲ್ಷನ್ ಪುಡಿ ಉದುರಿ ಗೇಟಿನ ಅಂಚಿನಲ್ಲಿ ಗಟ್ಟಿ ಪದರವಾಗುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಇದು ಬೇಗ. ತೇವಕ್ಕೆ ಜಿಲೆಟಿನ್ ಮೆತ್ತಗಾಗಿ ಅಂಟುತ್ತದೆ, ಬಿಸಿಲು ಬಂದಾಗ ಕಲ್ಲಾಗುತ್ತದೆ. ಫಿಲ್ಮನ್ನು ಹಿಂದಿನಿಂದ ಗೇಟಿಗೆ ಒತ್ತಿಹಿಡಿಯುವ ಪ್ರೆಷರ್ ಪ್ಲೇಟ್ ಹೊರತೆಗೆದು ಮೆದು ಬಟ್ಟೆಯಲ್ಲಿ ಒರೆಸಿ. ಗೇಟಿನ ಅಂಟನ್ನು ಬಿದಿರುಕಡ್ಡಿಯ ಚಪ್ಪಟೆ ತುದಿಯಿಂದ ಕೆರೆಯಿರಿ. ಪಿನ್ನು, ಬ್ಲೇಡು, ಚಾಕು ಹತ್ತಿರ ತರಬಾರದು. ಗೇಟಿನ ಮುಂದೆಯೇ, ಲೆನ್ಸಿನ ಬೆಳಕನ್ನು ನೋಡುಗಣ್ಣಿಗೂ ಹಂಚುವ ರಿಫ್ಲೆಕ್ಸ್ ಪ್ರಿಸಂ ಕೂತಿದೆ, ಅದಕ್ಕೆ ಗೀರು ಬಿದ್ದರೆ ನೋಡುಗಣ್ಣಿಗೂ ಫಿಲ್ಮಿಗೂ ಎರಡಕ್ಕೂ ಪೆಟ್ಟು. ಪ್ಲೇಟನ್ನು ಮರಳಿ ಹಾಕಲು ಮರೆತವರೂ ಇದ್ದಾರೆ. ಆಗ ಫಿಲ್ಮು ಹಿಂದೆ ಮುಂದೆ ಆಡುತ್ತದೆ, ಫೋಕಸ್ ಉಸಿರಾಡುತ್ತದೆ, ದೋಷ ಪಾಪದ ಲೆನ್ಸಿನ ತಲೆಗೆ.

ಗೀರು ಎಲ್ಲಿ ಬೀಳುತ್ತಿದೆ ಎಂದು ಪತ್ತೆ ಮಾಡಲು ಸುಲಭ ದಾರಿಯಿದೆ. ಬೇಡದ ಫಿಲ್ಮು ಹತ್ತು ಹದಿನೈದು ಅಡಿ ಇಟ್ಟುಕೊಳ್ಳಿ, ಒಂದು ಬದಿ ತೂತಿನದ್ದೇ ಆಗಬೇಕು. ಲೋಡ್ ಮಾಡಿ, ಐದಾರು ಅಡಿ ಓಡಿಸಿ ನಿಲ್ಲಿಸಿ. ಮೇಲಿನ ಲೂಪು, ಗೇಟಿನ ಬಾಯಿ, ಕೆಳಗಿನ ಲೂಪು, ಕೆಳಗಿನ ಸ್ಪ್ರಾಕೆಟ್ಟು, ಈ ನಾಲ್ಕು ಜಾಗದಲ್ಲಿ ಮಾರ್ಕರಿನಿಂದ ಚುಕ್ಕೆ ಇಟ್ಟು ಹೊರತೆಗೆಯಿರಿ. ದೀಪದ ಬೆಳಕು ಓರೆಯಾಗಿ ಬೀಳುವಂತೆ ಹಿಡಿದರೆ ಗೀರು ಯಾವ ಚುಕ್ಕೆಯಿಂದ ಶುರು ಎಂದು ಕಾಣುತ್ತದೆ. ಎಮಲ್ಷನ್ ಬದಿ ಲೆನ್ಸಿನ ಕಡೆ ಮುಖ ಮಾಡಿರುತ್ತದೆ, ಆದ್ದರಿಂದ ಆ ಬದಿಯ ಗೀರು ಗೇಟಿನದ್ದು; ಹೊಳಪಿನ ಬದಿಯದ್ದು ಪ್ರೆಷರ್ ಪ್ಲೇಟಿನದ್ದು. ಗೆರೆ ನೂಲು ಹಿಡಿದಂತೆ ನೆಟ್ಟಗಿದ್ದರೆ ಕದಲದ ಒಂದು ಚೂಪು ಎಲ್ಲೋ ಇದೆ. ಅತ್ತಿತ್ತ ತೇಲಿದ್ದರೆ ಲೂಪು ಯಾವುದಕ್ಕೋ ತಗುಲುತ್ತಿದೆ. ಅಭ್ಯಾಸಕ್ಕೆ ಪಾಲಿಯೆಸ್ಟರ್ ಮೈಯ ಫಿಲ್ಮು ಮಾತ್ರ ಬೇಡ. ಸಾಧಾರಣ ಫಿಲ್ಮು ಸಿಕ್ಕಿಕೊಂಡರೆ ಹರಿಯುತ್ತದೆ. ಪಾಲಿಯೆಸ್ಟರ್ ಹರಿಯುವುದಿಲ್ಲ, ಏನಾದರೂ ಮುರಿಯಲೇಬೇಕಾದರೆ ಕ್ಯಾಮೆರಾ ಮುರಿಯುತ್ತದೆ.

ಲೋಡಿಂಗ್ ತಪ್ಪು ಅಲ್ಲದಿದ್ದರೂ ಅದರ ಮೇಲೇ ಹೊರಿಸುವ ಕೆಲವು ದೋಷಗಳಿವೆ. ಗುಂಡಿ ಒತ್ತಿದರೂ ಏನೂ ಅಲುಗದಿದ್ದರೆ, ಪಕ್ಕದಲ್ಲಿ ಸ್ಪ್ರಿಂಗನ್ನು ಕಳಚುವ ಸಣ್ಣ ಸನ್ನೆಕೋಲು ಸೊನ್ನೆಯ ಕಡೆಗೆ ತಿರುಗಿದೆಯೇ ನೋಡಿ. ರೀಲು ಪೂರ್ತಿ ಖಾಲಿ ಬಂದರೆ ವೇರಿಯಬಲ್ ಶಟರ್ (ಎಷ್ಟು ತೆರೆಯಬೇಕೆಂದು ಹೊಂದಿಸಬಹುದಾದ ಶಟರ್) ಮುಚ್ಚಿಯೇ ಉಳಿದಿತ್ತೇನೋ. ನಡುನಡುವೆ ಬೆಳಕು ಬಡಿದ ಫ್ರೇಮುಗಳಿದ್ದರೆ, ಲೆನ್ಸಿನ ಹಿಂದಿನ ಫಿಲ್ಟರ್ ಚೀಟಿಯ ಹಿಡಿಕೆ ಜಾಗದಲ್ಲಿಲ್ಲ. ಫಿಲ್ಟರ್ ಬಳಸದಿದ್ದರೂ ಖಾಲಿ ಹಿಡಿಕೆ ಅಲ್ಲಿ ಇರಲೇಬೇಕು. ಸೆಕೆಂಡ್ ಹ್ಯಾಂಡ್ ಕ್ಯಾಮೆರಾಗಳಲ್ಲಿ ಇದೇ ಮೊದಲು ಕಳೆದುಹೋಗಿರುವ ಭಾಗ.

ಬೇರೆಯವಕ್ಕೆ ಹೋಲಿಸಿದರೆ? ರಷ್ಯಾದ ಕ್ರಾಸ್ನೊಗೊರ್ಸ್ಕ್-3 ಅಗ್ಗ, ಗಟ್ಟಿಮುಟ್ಟು. ಆದರೆ ಅದರ ಲೂಪ್ ಫಾರ್ಮರುಗಳನ್ನು ನಂಬದೆ ಬಿಚ್ಚಿಹಾಕಿ ಕೈಯಲ್ಲೇ ಲೂಪು ಮಾಡಿಕೊಳ್ಳುವವರು ಬಹಳ. ಬೆಲ್ ಆ್ಯಂಡ್ ಹೊವೆಲ್ ಫಿಲ್ಮೊ 70ರಲ್ಲಿ ಸ್ವಯಂಚಾಲಿತದ ಗೊಡವೆಯೇ ಇಲ್ಲ. ಕಣ್ಣಿಗೆ ಕಾಣುವಂತೆ ಕೈಯಲ್ಲೇ ಕೂರಿಸಬೇಕು. ಕಲಿಯಲು ವಾರ ಬೇಕು, ಕಲಿತ ಮೇಲೆ ಕೈಕೊಡುವುದು ಕಡಿಮೆ. ಕತ್ತಲಲ್ಲಿ, ಚೀಲದೊಳಗೆ, ಬರೀ ಬೆರಳ ನೆನಪಿನಿಂದ ಲೋಡ್ ಮಾಡಬೇಕಾಗಿ ಬಂದಾಗ ಮಾತ್ರ ಬೊಲೆಕ್ಸಿನ ಬೆಲೆ ತಿಳಿಯುತ್ತದೆ: ತುದಿ ಕೊಟ್ಟರೆ ಸಾಕು.

ಆದ್ದರಿಂದ ತೀರ್ಪು ಇಷ್ಟು. ಒಂದು ಸಾಲು ಹಲ್ಲಿನ ರಿಫ್ಲೆಕ್ಸ್ ಸಿಕ್ಕರೆ ಕೊಳ್ಳಬಹುದು, ಜೂಮ್ ಲೆನ್ಸಿಗೆ ಎತ್ತಿಟ್ಟ ಹಣವನ್ನು ಮೊದಲು ಸರ್ವಿಸಿಗೆ ಹಾಕುವುದಾದರೆ. ಅಭ್ಯಾಸದ ಫಿಲ್ಮು ಜೇಬಿನಲ್ಲಿಟ್ಟುಕೊಂಡು ಹೋಗಿ, ಮಾರುವವರ ಮುಂದೆಯೇ ಐದು ಸಲ ಲೋಡ್ ಮಾಡಿ. ಒಂದು ಸಲ ತಡೆದರೆ ತುದಿಯ ತಪ್ಪು ಎಂದು ಬಿಡಿ. ಮೂರು ಸಲ ಒಂದೇ ಜಾಗದಲ್ಲಿ ತಡೆದರೆ ಫಾರ್ಮರ್ ಬಾಗಿದೆ, ಬೆಲೆ ಇಳಿಸಿ ಕೇಳಿ ಅಥವಾ ಎದ್ದು ಬನ್ನಿ. ಹೊರಡುವ ಮುನ್ನ ಕೀ ಪೂರ್ತಿ ಕೊಟ್ಟು, ಫಿಲ್ಮು ಹಾಕಿಯೇ, ಕಣ್ಣು ಮುಚ್ಚಿ ಸದ್ದು ಕೇಳಿ. ಕೀ ಮುಗಿಯುತ್ತಾ ಬಂದಾಗ ಸದ್ದು ಕುಗ್ಗಿ ಎಳೆದಾಡಿದರೆ ಒಳಗಿನ ಗ್ರೀಸು ಒಣಗಿದೆ; 28 ಸೆಕೆಂಡು ಕೊನೆಯವರೆಗೂ ಒಂದೇ ಹದದಲ್ಲಿ ಓಡಿದರೆ ಚೌಕಾಸಿ ಜಾಸ್ತಿ ಬೇಡ.